ನಾಲಿಗೆಯಡಿಯ ಹಸಿರು ಬೆಳಕು: ಲೋಮನಾಳಗಳನ್ನು ಇಣುಕುವ ಸೂಕ್ಷ್ಮದರ್ಶಕಗಳ ಕಥೆ

ರೋಗಿಯ ರಕ್ತದ ಒತ್ತಡ ಸರಿಯಾದ ಮಟ್ಟಕ್ಕೆ ಬಂದಿದೆ. ನಾಡಿ ಚೆನ್ನಾಗಿ ಸಿಗುತ್ತಿದೆ. ಅಪಧಮನಿಯ ರಕ್ತದಲ್ಲಿ ಆಕ್ಸಿಜನ್ ಕೂಡ ಸಾಕಷ್ಟಿದೆ. ಆದರೂ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ, ಯಕೃತ್ತು ಸೋಲುತ್ತದೆ, ರೋಗಿ ಉಳಿಯುವುದಿಲ್ಲ. ತೀವ್ರ ನಿಗಾ ಘಟಕಗಳ ವೈದ್ಯರನ್ನು ಬಹುಕಾಲ ಕಾಡಿದ ಒಗಟು ಇದು. ಇದಕ್ಕೆ ಉತ್ತರ ಹುಡುಕುವ ಕೆಲಸದಲ್ಲಿ ವೈದ್ಯಶಾಸ್ತ್ರಕ್ಕೆ ನೆರವಾದದ್ದು ಭೌತಶಾಸ್ತ್ರ. ಅದರಲ್ಲೂ ಬೆಳಕಿನ ಧ್ರುವೀಕರಣ ಮತ್ತು ಚದರಿಕೆ ಎಂಬ, ಪದವಿ ತರಗತಿಯಲ್ಲಿ ನಾವೆಲ್ಲ ಓದಿ ಪರೀಕ್ಷೆ ಮುಗಿದ ಮೇಲೆ ಮರೆಯುವ ಎರಡು ಅಧ್ಯಾಯಗಳು.

ವೈದ್ಯರ ಭಾಷೆಯಲ್ಲಿ ‘ಷಾಕ್’ ಎಂದರೆ ವಿದ್ಯುತ್ ತಗುಲುವುದಲ್ಲ; ಕೆಟ್ಟ ಸುದ್ದಿ ಕೇಳಿ ದಿಗ್ಭ್ರಮೆಗೊಳ್ಳುವುದೂ ಅಲ್ಲ. ದೇಹದ ಜೀವಕೋಶಗಳಿಗೆ ಬೇಕಾದಷ್ಟು ಆಕ್ಸಿಜನ್ ತಲಪದಂಥ ರಕ್ತಪರಿಚಲನೆಯ ಸೋಲಿಗೆ ಆ ಹೆಸರು. ಅಪಘಾತದಲ್ಲಿ ರಕ್ತ ಸೋರಿಹೋದಾಗ, ಹೃದಯದ ಸ್ನಾಯು ದುರ್ಬಲವಾದಾಗ, ಡೆಂಗಿಯಲ್ಲಿ ರಕ್ತದ ದ್ರವ ನಾಳಗಳಿಂದ ಹೊರಕ್ಕೆ ಜಿನುಗಿದಾಗ, ಸೋಂಕಿನ ನಂಜು ಮೈಗೆಲ್ಲ ಹರಡಿದಾಗ ಷಾಕ್ ಉಂಟಾಗಬಹುದು. ಈ ಕೊನೆಯದಕ್ಕೆ ‘ಸೆಪ್ಟಿಕ್ ಷಾಕ್’ ಎನ್ನುತ್ತಾರೆ. ಮೊದಲು ಹೇಳಿದ ಒಗಟು ಹೆಚ್ಚಾಗಿ ಕಾಣುವುದು ಇದರಲ್ಲಿಯೇ.

ಕೊನೆಯ ಅರ್ಧ ಮಿಲಿಮೀಟರ್

ಬೆಂಗಳೂರಿಗೆ ಕಾವೇರಿ ನೀರು ದೊಡ್ಡ ಕೊಳವೆಗಳಲ್ಲಿ ಬರುತ್ತದೆ. ಆ ಕೊಳವೆಯಲ್ಲಿ ಒತ್ತಡ ಸರಿಯಾಗಿದೆ ಎಂದ ಮಾತ್ರಕ್ಕೆ ಬೀದಿಯ ಎಲ್ಲ ಮನೆಗಳ ನಲ್ಲಿಯಲ್ಲೂ ನೀರು ಬರುತ್ತಿದೆ ಎನ್ನಲಾಗದು. ರಕ್ತದ ಒತ್ತಡ ಅಳೆಯುವ ಪಟ್ಟಿ ದೊಡ್ಡ ಕೊಳವೆಯ ಸುದ್ದಿಯನ್ನಷ್ಟೇ ಹೇಳುತ್ತದೆ. ಆಕ್ಸಿಜನ್ ಜೀವಕೋಶಕ್ಕೆ ದಾಟುವುದು ಲೋಮನಾಳಗಳಲ್ಲಿ. ಇವುಗಳ ವ್ಯಾಸ ಸುಮಾರು 5ರಿಂದ 10 ಮೈಕ್ರೋಮೀಟರ್. ಕೆಂಪು ರಕ್ತಕಣದ ವ್ಯಾಸವೇ 7ರಿಂದ 8 ಮೈಕ್ರೋಮೀಟರ್. ಹಾಗಾಗಿ ಕಣಗಳು ಇಲ್ಲಿ ಒಂದರ ಹಿಂದೊಂದು ಸಾಲಾಗಿ, ಕೆಲವೊಮ್ಮೆ ಮೈ ಮಡಿಚಿಕೊಂಡು ನುಸುಳಬೇಕು.

ಲೋಮನಾಳದ ಗೋಡೆ ದಾಟಿದ ಆಕ್ಸಿಜನ್ ಮುಂದಕ್ಕೆ ಹೋಗುವುದು ವಿಸರಣೆಯಿಂದ. ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ವಿಸರಣೆಗೆ ಹಿಡಿಯುವ ಕಾಲವು ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ: ದೂರದ ವರ್ಗವನ್ನು ವಿಸರಣ ಗುಣಾಂಕದ ಎರಡರಷ್ಟರಿಂದ ಭಾಗಿಸಿದರೆ ಕಾಲದ ಅಂದಾಜು ಸಿಗುತ್ತದೆ. ಊತಕದಲ್ಲಿ ಆಕ್ಸಿಜನ್ನಿನ ವಿಸರಣ ಗುಣಾಂಕ ಸೆಕೆಂಡಿಗೆ ಸುಮಾರು 2000 ಚದರ ಮೈಕ್ರೋಮೀಟರ್ ಎಂದಿಟ್ಟುಕೊಳ್ಳೋಣ. 50 ಮೈಕ್ರೋಮೀಟರ್ ದೂರಕ್ಕೆ 2500ನ್ನು 4000ದಿಂದ ಭಾಗಿಸಬೇಕು, ಸುಮಾರು 0.6 ಸೆಕೆಂಡ್. ಒಂದು ಮಿಲಿಮೀಟರ್ ದೂರಕ್ಕೆ? ದೂರ 20 ಪಟ್ಟಾಯಿತು, ಕಾಲ 400 ಪಟ್ಟು. ಅಂದರೆ ಸುಮಾರು 250 ಸೆಕೆಂಡ್, ನಾಲ್ಕು ನಿಮಿಷಕ್ಕೂ ಹೆಚ್ಚು. ಅಷ್ಟು ಹೊತ್ತು ಕಾಯಲು ಜೀವಕೋಶಕ್ಕೆ ಸಾಧ್ಯವಿಲ್ಲ. ದಾರಿಯಲ್ಲಿರುವ ಇತರ ಕೋಶಗಳು ಆಕ್ಸಿಜನ್ನನ್ನು ಬಳಸಿಯೇ ಬಿಡುತ್ತವೆ.

ಆದ್ದರಿಂದ ಒಟ್ಟು ಎಷ್ಟು ರಕ್ತ ಹರಿಯುತ್ತಿದೆ ಎಂಬುದರಷ್ಟೇ, ಎಷ್ಟು ಲೋಮನಾಳಗಳಲ್ಲಿ ಹರಿಯುತ್ತಿದೆ ಎಂಬುದೂ ಮುಖ್ಯ. ಅಕ್ಕಪಕ್ಕದ ಹತ್ತು ನಾಳಗಳಲ್ಲಿ ಐದು ಮುಚ್ಚಿ ಉಳಿದ ಐದರಲ್ಲಿ ರಕ್ತ ಎರಡು ಪಟ್ಟು ವೇಗವಾಗಿ ಓಡಿದರೆ ಒಟ್ಟು ಹರಿವು ಬದಲಾಗುವುದಿಲ್ಲ. ಆದರೆ ಮುಚ್ಚಿದ ನಾಳಗಳ ಸುತ್ತಲಿನ ಕೋಶಗಳು ಉಸಿರುಕಟ್ಟುತ್ತವೆ. ಇದನ್ನು ತಿಳಿಯಲು ಒತ್ತಡಮಾಪಕ ಸಾಲದು. ಲೋಮನಾಳಗಳನ್ನು ಕಣ್ಣಾರೆ ನೋಡಲೇಬೇಕು.

ಹಾರ್ವೆಗೆ ಕಾಣದ ಕೊಂಡಿ

ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ದಾರಿ ಮಾತ್ರ ಅವನಿಗೆ ಕಾಣಲಿಲ್ಲ. ದಾರಿ ಇರಲೇಬೇಕೆಂದು ತರ್ಕದಿಂದ ಹೇಳಿದ, ಅಷ್ಟೆ. ಅದನ್ನು ಕಂಡವನು ಇಟಲಿಯ ಮಾರ್ಸೆಲೊ ಮಾಲ್ಪಿಗಿ. 1661ರಲ್ಲಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅತಿ ಸಣ್ಣ ನಾಳಗಳ ಬಲೆಯನ್ನು ಅವನು ವರ್ಣಿಸಿದ. ಅಷ್ಟರಲ್ಲಿ ಹಾರ್ವೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮುಂದೆ ಹಾಲೆಂಡಿನ ಲೇವನ್‌ಹುಕ್ ತಾನೇ ಉಜ್ಜಿದ ಮಸೂರಗಳಿಂದ ಗೊದಮೊಟ್ಟೆಯ ಬಾಲದಲ್ಲಿ ರಕ್ತಕಣಗಳ ಓಟವನ್ನು ನೋಡಿದ.

ಕೊಳವೆಯಲ್ಲಿ ದ್ರವದ ಹರಿವಿನ ಬಗ್ಗೆ ನಾವು ಪಾಠ ಮಾಡುವ ಪ್ವಾಸೆಯ ನಿಯಮದ ಹಿಂದೆಯೂ ಇದೇ ಕುತೂಹಲವಿದೆ. ಪ್ವಾಸೆ ವೃತ್ತಿಯಿಂದ ವೈದ್ಯ. ಸಣ್ಣ ರಕ್ತನಾಳಗಳಲ್ಲಿ ಹರಿವು ಹೇಗೆ ಎಂದು ತಿಳಿಯುವ ಆಸೆಯಿಂದಲೇ ಅವನು ಗಾಜಿನ ಸಪೂರ ಕೊಳವೆಗಳಲ್ಲಿ ಪ್ರಯೋಗ ಮಾಡಿದ್ದು. ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತ. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೆಯ ಒಂದು ಭಾಗಕ್ಕಿಳಿಯುತ್ತದೆ. ಆದರೆ ರಕ್ತ ನೀರಿನಂಥ ದ್ರವವಲ್ಲ. ವ್ಯಾಸ 0.3 ಮಿಲಿಮೀಟರಿಗಿಂತ ಕಿರಿದಾದ ಕೊಳವೆಗಳಲ್ಲಿ ಅದರ ತೋರಿಕೆಯ ಸ್ನಿಗ್ಧತೆ ಕಡಿಮೆಯಾಗುತ್ತದೆಂದು ಸ್ವೀಡನ್ನಿನ ಫಾರೇಯಸ್ ಮತ್ತು ಲಿಂಡ್‌ಕ್ವಿಸ್ಟ್ 1931ರಲ್ಲಿ ತೋರಿಸಿದರು. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ವಿಶ್ರಾಂತಿಯಲ್ಲಿರುವ ಸ್ನಾಯುವಿನಲ್ಲಿ ಎಷ್ಟೋ ಲೋಮನಾಳಗಳು ಮುಚ್ಚಿರುತ್ತವೆ, ದುಡಿಮೆ ಹೆಚ್ಚಿದಂತೆ ತೆರೆದುಕೊಳ್ಳುತ್ತವೆ ಎಂದು ತೋರಿಸಿ 1920ರ ನೊಬೆಲ್ ಬಹುಮಾನ ಪಡೆದ.

ಇವೆಲ್ಲ ಹೆಚ್ಚಾಗಿ ಪ್ರಾಣಿಗಳಲ್ಲಿ, ಅಥವಾ ಗಾಜಿನ ಕೊಳವೆಗಳಲ್ಲಿ. ಮನುಷ್ಯನಲ್ಲಿ? ಜರ್ಮನಿಯ ಕಾರ್ಲ್ ಹ್ಯೂಟರ್ 1879ರಲ್ಲಿ ರೋಗಿಗಳ ಕೆಳತುಟಿಯ ಒಳಭಾಗವನ್ನು ಮಸೂರದಿಂದ ನೋಡಿದ. ಅಮೆರಿಕದ ಲೊಂಬಾರ್ಡ್ 1912ರಲ್ಲಿ ಚರ್ಮದ ಮೇಲೆ ಒಂದು ಹನಿ ಎಣ್ಣೆ ಹಾಕಿದರೆ ಉಗುರಿನ ಬುಡದ ಲೋಮನಾಳಗಳು ಕಾಣುತ್ತವೆಂದು ಬರೆದ. ಎಣ್ಣೆಯ ವಕ್ರೀಭವನ ಸೂಚ್ಯಂಕ ಚರ್ಮದ ಹೊರಪದರಕ್ಕೆ ಹತ್ತಿರವಾದ್ದರಿಂದ ಮೇಲ್ಮೈಯ ಪ್ರತಿಫಲನ ತಗ್ಗುತ್ತದೆ, ಒಳಗಿನದು ಕಾಣುತ್ತದೆ. ಸಮಸ್ಯೆಯ ತಿರುಳು ಲೊಂಬಾರ್ಡನ ಆ ಹನಿಯಲ್ಲಿಯೇ ಇದೆ.

ಹೊಳಪಿನ ಅಡ್ಡಿ

ಕಪ್ಪೆಯ ಕಾಲ್ಬೆರಳ ನಡುವಿನ ಪೊರೆ ತೆಳು. ಕೆಳಗಿನಿಂದ ಬೆಳಕು ಹಾಯಿಸಿ ಮೇಲಿನಿಂದ ನೋಡಬಹುದು. ಮನುಷ್ಯನ ನಾಲಿಗೆಯ ಆಚೆಯಿಂದ ಬೆಳಕು ಹಾಯಿಸಲಾಗದು. ಬೆಳಕು ಬೀಳುವುದೂ ನೋಡುವುದೂ ಒಂದೇ ಕಡೆಯಿಂದ ಆಗಬೇಕು. ಆಗ ಒದ್ದೆ ಮೇಲ್ಮೈಯಿಂದ ಪ್ರತಿಫಲಿಸಿದ ಹೊಳಪು ಒಳಗಿನಿಂದ ಬರುವ ಮಂಕು ಬೆಳಕನ್ನು ಮುಳುಗಿಸಿಬಿಡುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೆಬ್ಬಾಳ ಕೆರೆಯ ದಡದಲ್ಲಿ ನಿಂತರೆ ನೀರೊಳಗಿನ ಮೀನು ಕಾಣದಿರುವುದಕ್ಕೆ ಇದೇ ಕಾರಣ.

ಪ್ರತಿಫಲನದಿಂದ ಬೆಳಕು ಧ್ರುವೀಕರಣಗೊಳ್ಳುತ್ತದೆಂದು ಫ್ರಾನ್ಸಿನ ಮಾಲುಸ್ 1808ರಲ್ಲಿ ಕಂಡುಕೊಂಡ. ಅಗ್ಗದ ಧ್ರುವೀಕಾರಕ ಸಿಗಲು ಮಾತ್ರ ಇನ್ನೂ ನೂರು ವರ್ಷ ಮೀರಿ ಕಾಯಬೇಕಾಯಿತು. ಅದರ ದಾರಿಯೂ ವೈದ್ಯರೊಬ್ಬರ ಕೋಣೆಯಿಂದಲೇ ಹಾದುಹೋಗುತ್ತದೆ. ಬ್ರಿಸ್ಟಲ್ ನಗರದ ವೈದ್ಯ ಹೆರಪತ್‌ನ ಶಿಷ್ಯನೊಬ್ಬ ಕ್ವಿನೈನ್ ತಿನ್ನಿಸಿದ್ದ ನಾಯಿಯ ಮೂತ್ರಕ್ಕೆ ಅಯೋಡಿನ್ ಹಾಕಿದಾಗ ಹಸಿರು ಮಿನುಗಿನ ಹರಳುಗಳಾದವು. ಒಂದರ ಮೇಲೊಂದು ಅಡ್ಡಲಾಗಿ ಬಿದ್ದ ಎರಡು ಹರಳುಗಳ ನಡುವೆ ಕತ್ತಲಾಗುವುದನ್ನು ಗಮನಿಸಿ ಹೆರಪತ್ 1852ರಲ್ಲಿ ಅದನ್ನು ಪ್ರಕಟಿಸಿದ. ಅಮೆರಿಕದ ಎಡ್ವಿನ್ ಲ್ಯಾಂಡ್ 1920ರ ದಶಕದ ಕೊನೆಯಲ್ಲಿ ಇಂಥ ಅಸಂಖ್ಯ ಸೂಕ್ಷ್ಮ ಹರಳುಗಳನ್ನು ಒಂದೇ ದಿಕ್ಕಿಗೆ ಜೋಡಿಸಿ ಹಾಳೆ ಮಾಡಿದ. ಅದೇ ನಮ್ಮ ಪ್ರಯೋಗಾಲಯಗಳ ಪೋಲರಾಯ್ಡ್‌ನ ಮೂಲರೂಪ.

ಧ್ರುವೀಕೃತ ಬೆಳಕನ್ನು ಊತಕದ ಮೇಲೆ ಬಿಟ್ಟರೆ ಎರಡು ಬಗೆಯ ಬೆಳಕು ಹಿಂದಿರುಗುತ್ತದೆ. ಮೇಲ್ಮೈಯಿಂದ ನೇರವಾಗಿ ಪ್ರತಿಫಲಿಸಿದ್ದು ತನ್ನ ಧ್ರುವೀಕರಣವನ್ನು ಉಳಿಸಿಕೊಂಡಿರುತ್ತದೆ. ಒಳಗೆ ಹೊಕ್ಕು ಹತ್ತಾರು ಬಾರಿ ಚದರಿದ ಬೆಳಕು ಧ್ರುವೀಕರಣವನ್ನು ಕಳೆದುಕೊಂಡಿರುತ್ತದೆ. ಎದುರಿಗೆ ಲಂಬ ದಿಕ್ಕಿನ ಇನ್ನೊಂದು ಪೋಲರಾಯ್ಡ್ ಇಟ್ಟರೆ ಮೊದಲನೆಯದು ನಿಂತುಹೋಗುತ್ತದೆ, ಎರಡನೆಯದರ ಅರ್ಧ ಭಾಗ ದಾಟಿ ಬರುತ್ತದೆ. ಹೊಳಪು ಮಾಯವಾಗುತ್ತದೆ, ಊತಕ ಒಳಗಿನಿಂದ ದೀಪ ಹಚ್ಚಿದಂತೆ ಕಾಣುತ್ತದೆ.

ಬಳ್ಳಾರಿ ರಸ್ತೆಯ ಪಕ್ಕದ ಪ್ರಯೋಗಾಲಯ

ಇಲ್ಲಿ ಬೆಂಗಳೂರಿನ ಒಂದು ಕೆಲಸವನ್ನು ನೆನೆಯಬೇಕು. ಕೆಂಪಾಪುರದಿಂದ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ವೃತ್ತದ ಕಡೆಗೆ ಕೆಲವೇ ಕಿಲೋಮೀಟರ್ ಬಂದರೆ ಸಿಗುವುದು ಸಿ.ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆ. ಧ್ರುವೀಕೃತ ಬೆಳಕಿನ ಅಧ್ಯಯನಕ್ಕೆ ಇಲ್ಲಿ ದೀರ್ಘ ಪರಂಪರೆಯಿದೆ. ಎಸ್. ಪಂಚರತ್ನಂ 1956ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಧ್ರುವೀಕೃತ ಕಿರಣಗಳ ವ್ಯತಿಕರಣದ ಬಗ್ಗೆ ಬರೆದ ಲೇಖನ ಮುಂದೆ ‘ಪಂಚರತ್ನಂ ಪ್ರಾವಸ್ಥೆ’ ಎಂದು ಜಗತ್ತಿನಾದ್ಯಂತ ಹೆಸರಾಯಿತು.

ಅದೇ ಸಂಸ್ಥೆಯಲ್ಲಿ ಹೇಮಾ ರಾಮಚಂದ್ರನ್ ಮತ್ತು ಆಂಡಾಳ್ ನಾರಾಯಣನ್ 1998ರಲ್ಲಿ ಮಬ್ಬು ಮಾಧ್ಯಮದ ಆಚೆಗಿರುವ ವಸ್ತುವಿನ ಚಿತ್ರ ಪಡೆಯುವ ವಿಧಾನವೊಂದನ್ನು ಪ್ರಕಟಿಸಿದರು. ಹಾಲಿನಂಥ ಮಾಧ್ಯಮದಲ್ಲಿ ಬೆಳಕಿನ ಬಹುಪಾಲು ಚದರಿ ದಿಕ್ಕು ತಪ್ಪುತ್ತದೆ. ತೀರ ಕೊಂಚ ಭಾಗ ಮಾತ್ರ ನೇರವಾಗಿ, ಇಲ್ಲವೇ ಹಾವಿನಂತೆ ಅಲ್ಪಸ್ವಲ್ಪ ಬಳುಕಿ, ಆಚೆ ತಲಪುತ್ತದೆ. ವಸ್ತುವಿನ ಆಕಾರದ ಸುದ್ದಿ ಇರುವುದು ಈ ಎರಡನೆಯ ಭಾಗದಲ್ಲಿ. ಅದು ಧ್ರುವೀಕರಣವನ್ನು ಉಳಿಸಿಕೊಂಡಿರುವುದರಿಂದ ಅದನ್ನು ಗುರುತಿಸಿ ಬೇರ್ಪಡಿಸಬಹುದು. ಅತ್ಯಲ್ಪ ಅವಧಿಯ ಸ್ಪಂದನಗಳ ದುಬಾರಿ ಲೇಸರ್ ಬೇಡ; ಒಂದೇ ಸಮನೆ ಉರಿಯುವ ಬೆಳಕಿನ ಆಕರ ಸಾಕು ಎಂಬುದು ಅವರ ಕೆಲಸದ ಹೆಚ್ಚುಗಾರಿಕೆ. ಇದೇ ಸಂಸ್ಥೆಯವರು ಮುಂದೆ ಶಿವ ನಾಡಾರ್ ವಿಶ್ವವಿದ್ಯಾಲಯದವರ ಜತೆಗೂಡಿ ನಿಜವಾದ ಚಳಿಗಾಲದ ಮಂಜಿನಲ್ಲಿ ಕೆಂಪು ಎಲ್.ಇ.ಡಿ. ದೀಪಗಳ ಚಿತ್ರವನ್ನು ಸ್ಪಷ್ಟಗೊಳಿಸುವ ಪ್ರಯೋಗವನ್ನೂ ಮಾಡಿದರು. ಅಲ್ಲಿ ಅವರು ನೆಚ್ಚಿದ್ದು ಧ್ರುವೀಕರಣವನ್ನಲ್ಲ, ದೀಪದ ಕಾಂತಿಯನ್ನು ನಿಯತವಾಗಿ ಏರಿಳಿಸುವ ಉಪಾಯವನ್ನು. ಡಿಸೆಂಬರ್-ಜನವರಿಯ ಮುಂಜಾವಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮಂಜಿಗಾಗಿ ಕಾದವರಿಗೆ ಇದರ ಉಪಯೋಗವನ್ನು ಬಿಡಿಸಿ ಹೇಳಬೇಕಿಲ್ಲ.

ಗಮನಿಸಬೇಕಾದ ಸ್ವಾರಸ್ಯ ಹೀಗಿದೆ. ಮಬ್ಬಿನ ಆಚೆ ನೋಡಬೇಕಾದವರು ಧ್ರುವೀಕರಣ ಉಳಿಸಿಕೊಂಡ ಬೆಳಕನ್ನು ಇಟ್ಟುಕೊಂಡು ಚದರಿದ್ದನ್ನು ಬಿಸಾಡುತ್ತಾರೆ. ಲೋಮನಾಳ ನೋಡಬೇಕಾದವರು ಧ್ರುವೀಕರಣ ಉಳಿಸಿಕೊಂಡದ್ದನ್ನು ಬಿಸಾಡಿ ಚದರಿದ್ದನ್ನು ಇಟ್ಟುಕೊಳ್ಳುತ್ತಾರೆ. ಉಪಕರಣ ಒಂದೇ, ಎರಡು ಪೋಲರಾಯ್ಡ್. ಒಬ್ಬರ ಕಸ ಇನ್ನೊಬ್ಬರ ಕಾಳು.

ಮೂರು ತಲೆಮಾರು

ಲೋಮನಾಳದ ಕಡೆಯ ಕೆಲಸ ಇದೇ ಹೊತ್ತಿಗೆ ಹಣ್ಣಾಯಿತು. ನೆದರ್‌ಲೆಂಡ್ಸ್‌ನ ಸ್ಲಾಫ್ ಮತ್ತು ಸಂಗಡಿಗರು 1987ರಲ್ಲಿಯೇ ಅಡ್ಡ ಪೋಲರಾಯ್ಡ್‌ಗಳ ತಂತ್ರವನ್ನು ಪ್ರಾಣಿಗಳ ಸ್ನಾಯುವಿನಲ್ಲಿ ಬಳಸಿದ್ದರು. ಅಮೆರಿಕದ ಫಿಲಡೆಲ್ಫಿಯ ನಗರದ ಸೈಟೊಮೆಟ್ರಿಕ್ಸ್ ಕಂಪನಿಯ ವಾರನ್ ಗ್ರೋನರ್ ಮತ್ತು ಆಮ್‌ಸ್ಟರ್‌ಡಾಮಿನ ಜಾನ್ ಇಂಜೆ ಮೊದಲಾದವರು ಸೇರಿ ರೋಗಿಯ ಹಾಸಿಗೆಯ ಬಳಿ ಕೈಯಲ್ಲಿ ಹಿಡಿಯಬಹುದಾದ ಸಾಧನವನ್ನು 1999ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ವರ್ಣಿಸಿದರು. ಇದು ಲಂಬಧ್ರುವೀಕೃತ ರೋಹಿತ ಚಿತ್ರಣ, ಚಿಕ್ಕದಾಗಿ ಓ.ಪಿ.ಎಸ್.

ಇದರಲ್ಲಿ ಬಳಸಿದ್ದು 548 ನ್ಯಾನೋಮೀಟರ್ ತರಂಗದೂರದ ಹಸಿರು ಬೆಳಕು. ಆಕ್ಸಿಜನ್ ಹೊತ್ತ ಹೀಮೊಗ್ಲೋಬಿನ್ನೂ ಹೊರದ ಹೀಮೊಗ್ಲೋಬಿನ್ನೂ ಈ ತರಂಗದೂರದಲ್ಲಿ ಬೆಳಕನ್ನು ಸಮನಾಗಿ ಹೀರುತ್ತವೆ. ಹಾಗಾಗಿ ಅಪಧಮನಿಯ ಕಡೆಯದಿರಲಿ ಅಭಿಧಮನಿಯ ಕಡೆಯದಿರಲಿ, ಕೆಂಪು ಕಣ ಇದ್ದಲ್ಲೆಲ್ಲ ಬಿಳುಪಾದ ಹಿನ್ನೆಲೆಯಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಹಸಿರು ಬೆಳಕು ಇಳಿಯುವುದು ಸುಮಾರು ಅರ್ಧ ಮಿಲಿಮೀಟರಿನಷ್ಟು ಆಳಕ್ಕೆ. ಅಷ್ಟರಲ್ಲಿ ಲೋಮನಾಳಗಳು ಸಿಗುವ, ಮೇಲೆ ದಪ್ಪ ಚರ್ಮವಿಲ್ಲದ, ಬಣ್ಣದ ವಸ್ತುವಾದ ಮೆಲನಿನ್ ಕಡಿಮೆಯಿರುವ ಜಾಗ ಬೇಕು. ನಾಲಿಗೆಯ ಅಡಿ ಅದಕ್ಕೆ ಹೇಳಿಮಾಡಿಸಿದಂತಿದೆ.

ಓ.ಪಿ.ಎಸ್.ನ ದೌರ್ಬಲ್ಯ ಬೆಳಕಿನ ಬಡತನ. ಎರಡು ಪೋಲರಾಯ್ಡ್‌ಗಳಲ್ಲಿ ಬಹುಪಾಲು ಬೆಳಕು ಕಳೆದುಹೋಗುವುದರಿಂದ ಬಲವಾದ ದೀಪ ಬೇಕು. ವೇಗವಾಗಿ ಓಡುವ ಕಣಗಳ ಚಿತ್ರವಂತೂ ಕಲಸಿಹೋಗುತ್ತದೆ.

ಎರಡನೆಯ ತಲೆಮಾರು ಎಸ್.ಡಿ.ಎಫ್. ಗುಡ್‌ಹಾರ್ಟ್, ಇಂಜೆ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಪ್ರಕಟಿಸಿದರು. ಇದರಲ್ಲಿ ಪೋಲರಾಯ್ಡ್ ಇಲ್ಲವೇ ಇಲ್ಲ! ಕೊಳವೆಯ ತುದಿಯಲ್ಲಿ ಸುತ್ತಲೂ 530 ನ್ಯಾನೋಮೀಟರಿನ ಹಸಿರು ಎಲ್.ಇ.ಡಿ.ಗಳ ಬಳೆ, ನಡುವೆ ನೋಡುವ ದಾರಿ, ಎರಡರ ನಡುವೆ ಬೆಳಕು ದಾಟದ ತಡೆ. ತುದಿಯನ್ನು ಊತಕಕ್ಕೆ ತಾಗಿಸಿದಾಗ ಬೆಳಕು ಪಕ್ಕದಿಂದ ಒಳಹೊಕ್ಕು, ಚದರಿ, ನಡುವಿನಿಂದ ಮೇಲೆ ಬರುತ್ತದೆ. ಮೇಲ್ಮೈಯ ಹೊಳಪಿಗೆ ನೋಡುವ ದಾರಿಯೊಳಗೆ ಪ್ರವೇಶವೇ ಇಲ್ಲ. ಧ್ರುವೀಕರಣದಿಂದ ಮಾಡಿದ್ದನ್ನು ಇಲ್ಲಿ ಜ್ಯಾಮಿತಿಯಿಂದ ಮಾಡಲಾಯಿತು.

ಜತೆಗೆ ಎಲ್.ಇ.ಡಿ. ದೀಪವನ್ನು ಕ್ಯಾಮರಾದ ಚೌಕಟ್ಟುಗಳಿಗೆ ಹೊಂದಿಸಿ ಮಿನುಗಿಸಬಹುದು. ಇದರ ಲಾಭವೆಷ್ಟು? ಸೆಕೆಂಡಿಗೆ 25 ಚೌಕಟ್ಟು ತೆಗೆಯುವ ಕ್ಯಾಮರಾದಲ್ಲಿ ಒಂದಕ್ಕೆ 40 ಮಿಲಿಸೆಕೆಂಡ್. ಕಣದ ವೇಗ ಸೆಕೆಂಡಿಗೆ ಅರ್ಧ ಮಿಲಿಮೀಟರ್ ಇದ್ದರೆ ಅಷ್ಟರಲ್ಲಿ ಅದು 20 ಮೈಕ್ರೋಮೀಟರ್ ಸರಿಯುತ್ತದೆ, ಅಂದರೆ ತನ್ನ ವ್ಯಾಸದ ಸುಮಾರು ಮೂರರಷ್ಟು. ದೀಪ ಎರಡೇ ಮಿಲಿಸೆಕೆಂಡ್ ಬೆಳಗಿದರೆ ಸರಿಯುವುದು ಒಂದೇ ಮೈಕ್ರೋಮೀಟರ್. ಕಲಸಿದ ಗೆರೆಯ ಜಾಗದಲ್ಲಿ ಬಿಡಿ ಕಣ ಕಾಣತೊಡಗುತ್ತದೆ.

ಮೂರನೆಯದು ಐ.ಡಿ.ಎಫ್. ಇದರ ಬೀಜ ಹಳೆಯದು. ಷರ್ಮನ್ ಮತ್ತು ಸಂಗಡಿಗರು 1971ರಲ್ಲಿ ಈ ಬೆಳಕಿನ ಕ್ರಮವನ್ನು ಸೂಚಿಸಿದ್ದರು. ನೆದರ್‌ಲೆಂಡ್ಸ್‌ನ ಬ್ರೇಡಿಯಸ್ ಕಂಪನಿಯ ‘ಸೈಟೊಕ್ಯಾಮ್’ ಅದಕ್ಕೆ ಹೊಸ ಕಾಲದ ಅಂಕೀಯ ಕ್ಯಾಮರಾವನ್ನು ಜೋಡಿಸಿತು. ತೂಕ ಸುಮಾರು 120 ಗ್ರಾಂ, ಒಂದು ಪೆನ್ನಿನಂತೆ ಹಿಡಿಯಬಹುದು. ನೋಟದ ಕ್ಷೇತ್ರ 1.55 ಮಿಲಿಮೀಟರ್ ಉದ್ದ, 1.16 ಮಿಲಿಮೀಟರ್ ಅಗಲ. ದೀಪದ ಸ್ಪಂದನ ಎರಡು ಮಿಲಿಸೆಕೆಂಡ್. ಸಂಗಮವನ್ನು ಸಣ್ಣ ಮೋಟಾರು ಎರಡು ಮೈಕ್ರೋಮೀಟರಿನ ಹೆಜ್ಜೆಗಳಲ್ಲಿ ಹೊಂದಿಸುತ್ತದೆ.

ರೋಗಿಯ ಬಳಿ ಕಂಡದ್ದು

ಉಪಕರಣ ಸಿಕ್ಕ ಮೇಲೆ ಒಗಟು ಬಿಡಿಸತೊಡಗಿತು. ಬ್ರಸೆಲ್ಸ್‌ನ ಡೇನಿಯಲ್ ಡಿ ಬಾಕರ್ ಮತ್ತು ಸಂಗಡಿಗರು ತೀವ್ರ ಸೆಪ್ಸಿಸ್‌ನ 50 ರೋಗಿಗಳನ್ನು ಓ.ಪಿ.ಎಸ್.ನಿಂದ ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಆರೋಗ್ಯವಂತರಲ್ಲಿ ನಾಲಿಗೆಯಡಿಯ ಸಣ್ಣ ನಾಳಗಳ ಪೈಕಿ ಸುಮಾರು ಶೇಕಡ 90ರಲ್ಲಿ ರಕ್ತ ಹರಿಯುತ್ತಿದ್ದರೆ, ಈ ರೋಗಿಗಳಲ್ಲಿ ಅದು ಸುಮಾರು ಶೇಕಡ 48. ಅದೇ ಜಾಗಕ್ಕೆ ಅಸಿಟೈಲ್‌ಕೋಲಿನ್ ಎಂಬ ನಾಳ ಹಿಗ್ಗಿಸುವ ವಸ್ತುವನ್ನು ಹಚ್ಚಿದಾಗ ಮುಚ್ಚಿದ ನಾಳಗಳು ಮತ್ತೆ ತೆರೆದವು. ಅಂದರೆ ಹಾನಿ ಶಾಶ್ವತವಲ್ಲ. 2004ರಲ್ಲಿ ಅದೇ ತಂಡದ ಯಾಸರ್ ಸಕರ್ ಮೊದಲಾದವರು 49 ರೋಗಿಗಳನ್ನು ದಿನ ದಿನವೂ ನೋಡಿದರು. ಬದುಕಿ ಉಳಿದವರಲ್ಲಿ ಲೋಮನಾಳಗಳ ಹರಿವು ಬೇಗ ಸುಧಾರಿಸಿತ್ತು; ಅಂಗಾಂಗಗಳು ಸೋತು ತೀರಿಕೊಂಡವರಲ್ಲಿ ಸುಧಾರಿಸಲಿಲ್ಲ. ರಕ್ತದ ಒತ್ತಡವಾಗಲಿ ಹೃದಯದ ಹೊರಹರಿವಾಗಲಿ ಈ ಭೇದವನ್ನು ಹೇಳಿರಲಿಲ್ಲ.

ಹೋಲಿಕೆಯ ಗಣಿತ

ಮೂರು ಉಪಕರಣಗಳಲ್ಲಿ ಯಾವುದು ಒಳ್ಳೆಯದು? ಹೊಸದು ಹೆಚ್ಚು ತೋರಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. 2015ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ ಅದೇ ಜನರಲ್ಲಿ ಎಸ್.ಡಿ.ಎಫ್.ಗಿಂತ ಐ.ಡಿ.ಎಫ್. ಶೇಕಡ 30ರಷ್ಟು ಹೆಚ್ಚು ಲೋಮನಾಳಗಳನ್ನು ತೋರಿಸಿತು. ಆದರೆ ಇದರಲ್ಲಿ ಒಂದು ಅಪಾಯವೂ ಅಡಗಿದೆ. ರೋಗಿಯೊಬ್ಬರಲ್ಲಿ ಲೋಮನಾಳಗಳ ನಾಲ್ಕನೆಯ ಒಂದು ಭಾಗ ನಿಜವಾಗಿ ನಷ್ಟವಾಗಿದೆ ಎನ್ನಿ. ಐ.ಡಿ.ಎಫ್.ನಿಂದ ಎಣಿಸಿ, ಹಿಂದೆ ಎಸ್.ಡಿ.ಎಫ್.ನಿಂದ ಆರೋಗ್ಯವಂತರಲ್ಲಿ ಪಡೆದ ಸಂಖ್ಯೆಗೆ ಹೋಲಿಸಿದರೆ? 1.3ನ್ನು 0.75ರಿಂದ ಗುಣಿಸಿದರೆ 0.975. ರೋಗಿ ಹೆಚ್ಚುಕಡಮೆ ಆರೋಗ್ಯವಂತನಾಗಿಯೇ ಕಾಣುತ್ತಾನೆ! ಮಾಪನದ ಮಾನದಂಡ ಬದಲಾದರೆ ರೋಗವೂ ಮಾಯವಾದಂತೆ ತೋರಬಹುದು. ಆದ್ದರಿಂದ ಪ್ರತಿ ಉಪಕರಣಕ್ಕೂ ಅದರದೇ ಆರೋಗ್ಯವಂತರ ಅಂಕಿಗಳು ಬೇಕು. ಹರಿಯುತ್ತಿರುವ ನಾಳಗಳ ಶೇಕಡಾವಾರು ಒಂದು ಅನುಪಾತವಾದ್ದರಿಂದ ಈ ದೋಷಕ್ಕೆ ಅಷ್ಟಾಗಿ ಸಿಲುಕುವುದಿಲ್ಲ.

ಎರಡನೆಯ ತೊಡಕು ಕೈಯ ಒತ್ತಡ. ತುದಿಯನ್ನು ಸ್ವಲ್ಪ ಜೋರಾಗಿ ಒತ್ತಿದರೂ ಲೋಮನಾಳ ಚಪ್ಪಟೆಯಾಗಿ ಹರಿವು ನಿಲ್ಲುತ್ತದೆ. ವೈದ್ಯರು ತಾವೇ ಉಂಟುಮಾಡಿದ ತಡೆಯನ್ನು ರೋಗವೆಂದು ಬಗೆಯುವ ಸಂಭವವಿದೆ. ಅಳೆಯುವ ಕ್ರಿಯೆಯೇ ಅಳೆಯಬೇಕಾದ್ದನ್ನು ಬದಲಿಸಬಾರದು ಎಂಬ ಪ್ರಯೋಗಾಲಯದ ಮೊದಲ ಪಾಠ ಇಲ್ಲಿ ಜೀವದ ಪ್ರಶ್ನೆಯಾಗುತ್ತದೆ. ಮೂರನೆಯದಾಗಿ, ಈ ಉಪಕರಣಗಳಿಗೆ ನಾಳ ಕಾಣುವುದಿಲ್ಲ, ಕೆಂಪು ಕಣ ಮಾತ್ರ ಕಾಣುತ್ತದೆ. ಕಣಗಳಿಲ್ಲದೆ ಬರೀ ಪ್ಲಾಸ್ಮಾ ತುಂಬಿದ ಲೋಮನಾಳ ಚಿತ್ರದಲ್ಲಿ ಇಲ್ಲವೇ ಇಲ್ಲ.

ಇನ್ನು ಎಣಿಕೆ. ತಜ್ಞರು 2007ರಲ್ಲಿ ಒಮ್ಮತದ ನಿಯಮಗಳನ್ನು ಪ್ರಕಟಿಸಿದರು, 2018ರಲ್ಲಿ ಪರಿಷ್ಕರಿಸಿದರು. ಒಂದೇ ಜಾಗ ನೋಡಿ ತೀರ್ಮಾನಿಸಬಾರದು, ಕನಿಷ್ಠ ಮೂರು ಜಾಗಗಳಲ್ಲಿ ಚಿತ್ರಿಸಬೇಕು. ಹರಿವಿಗೆ ಸೊನ್ನೆಯಿಂದ ಮೂರರವರೆಗೆ ಅಂಕ: ನಿಂತಿದೆ, ಬಿಟ್ಟುಬಿಟ್ಟು ಹರಿಯುತ್ತಿದೆ, ನಿಧಾನವಾಗಿದೆ, ಸಹಜವಾಗಿದೆ. ಸಾಂದ್ರತೆಗೆ ಚಿತ್ರದ ಮೇಲೆ ಮೂರು ಅಡ್ಡ, ಮೂರು ಉದ್ದ ಗೆರೆ ಎಳೆದು ಅವನ್ನು ದಾಟುವ ನಾಳಗಳನ್ನು ಎಣಿಸುವುದು. ಹಿಂದೆ ಇದನ್ನೆಲ್ಲ ಮನುಷ್ಯರು ಕುಳಿತು ಮಾಡಬೇಕಿತ್ತು. ರೋಗಿಗೆ ಆ ಹೊತ್ತಿಗೆ ಬೇಕಾದ ಉತ್ತರ ತಡವಾಗಿ ಸಿಗುತ್ತಿತ್ತು. 2019ರಿಂದೀಚೆಗೆ ಗಣಕವೇ ಎಣಿಸುವ ತಂತ್ರಾಂಶಗಳು ಬಂದಿವೆ.

ನೋಡಿದರೆ ಸಾಕೆ, ಅದರಿಂದ ಜೀವ ಉಳಿಯುವುದೆ? ಷಾಕ್‌ಗೆ ಒಳಗಾದ 141 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಬಹುಕೇಂದ್ರ ಪ್ರಯೋಗವೊಂದರಲ್ಲಿ ನಾಲಿಗೆಯಡಿಯ ಚಿತ್ರದ ಮಾಹಿತಿಯನ್ನು ಅರ್ಧದಷ್ಟು ರೋಗಿಗಳ ಚಿಕಿತ್ಸಕರಿಗೆ ಒದಗಿಸಲಾಯಿತು. ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಚೆನ್ನಾಗಿ ನೋಡುವುದು ಬೇರೆ, ನೋಡಿದ್ದನ್ನು ಹೇಗೆ ಸರಿಪಡಿಸಬೇಕೆಂದು ತಿಳಿಯುವುದು ಬೇರೆ. ಯಾವ ಔಷಧವನ್ನು ಯಾವಾಗ ಕೊಟ್ಟರೆ ಮುಚ್ಚಿದ ನಾಳ ತೆರೆದುಕೊಳ್ಳುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಒಂದು ಗಾಜಿನ ತುಂಡು

ನಮ್ಮ ತಾಲೂಕು ಆಸ್ಪತ್ರೆಗಳ ದೃಷ್ಟಿಯಿಂದ ಇನ್ನೊಂದು ಪ್ರಯೋಗ ಹೆಚ್ಚು ಮುಖ್ಯ. ದಕ್ಷಿಣ ಅಮೆರಿಕದ ಐದು ದೇಶಗಳ 28 ಆಸ್ಪತ್ರೆಗಳಲ್ಲಿ ಸೆಪ್ಟಿಕ್ ಷಾಕ್‌ನ 424 ರೋಗಿಗಳ ಮೇಲೆ ನಡೆದ ‘ಆಂಡ್ರೊಮಿಡ-ಷಾಕ್’ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಸೂಕ್ಷ್ಮದರ್ಶಕದ ಗಾಜಿನ ಸ್ಲೈಡನ್ನು ರೋಗಿಯ ಬಲ ತೋರುಬೆರಳಿನ ತುದಿಗೆ ಹತ್ತು ಸೆಕೆಂಡ್ ಒತ್ತಿ ಹಿಡಿದು ಬಿಡುತ್ತಾರೆ. ಬಿಳಿಚಿದ ಚರ್ಮಕ್ಕೆ ಮತ್ತೆ ಬಣ್ಣ ಬರಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಲೋಮನಾಳಗಳಲ್ಲಿ ತೊಂದರೆಯಿದೆ. ಈ ಪರೀಕ್ಷೆಯನ್ನು ಅನುಸರಿಸಿ ಚಿಕಿತ್ಸೆ ಕೊಟ್ಟವರಲ್ಲಿ 28 ದಿನಗಳೊಳಗಿನ ಸಾವು ಶೇಕಡ 34.9, ರಕ್ತದ ಲ್ಯಾಕ್ಟೇಟ್ ಅನುಸರಿಸಿದವರಲ್ಲಿ ಶೇಕಡ 43.4. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಈ ವ್ಯತ್ಯಾಸ ಸ್ವಲ್ಪದರಲ್ಲಿ ಸಾಬೀತಾಗಲಿಲ್ಲ. 2025ರಲ್ಲಿ ಪ್ರಕಟವಾದ ಇದರ ಮುಂದಿನ, ಇನ್ನೂ ದೊಡ್ಡ ಪ್ರಯೋಗದಲ್ಲಿ ಸಾವಿನ ಪ್ರಮಾಣ ಸಮನಾಗಿದ್ದರೂ ಯಂತ್ರ ಹಾಗೂ ಔಷಧಗಳ ಆಸರೆ ಬೇಕಾದ ಅವಧಿ ಕಡಿಮೆಯಾಯಿತು.

ಗಾಜಿನ ತುಂಡಿಗೂ ಮಿತಿಯಿದೆ. ಕೋಣೆ ತಣ್ಣಗಿದ್ದರೆ, ಬೆಳಕು ಮಂದವಾಗಿದ್ದರೆ, ಚರ್ಮದ ಬಣ್ಣ ಗಾಢವಾಗಿದ್ದರೆ ಓದುವುದು ಕಷ್ಟ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಕ್ಸಿಜನ್ ಇದ್ದುದಕ್ಕಿಂತ ಹೆಚ್ಚು ತೋರಿಸಬಹುದೆಂದು ಅಮೆರಿಕದ ವೈದ್ಯರು 2020ರಲ್ಲಿ ಎಚ್ಚರಿಸಿದ್ದನ್ನು ಇಲ್ಲಿ ನೆನೆಯಬಹುದು. ಬೆಳಕಿನಿಂದ ಅಳೆಯುವ ಯಾವ ಸಾಧನವನ್ನಾದರೂ ನಮ್ಮ ಜನರ ಚರ್ಮದ ಮೇಲೆ ನಾವೇ ಪರೀಕ್ಷಿಸಿಕೊಳ್ಳಬೇಕು. ಈ ಕೆಲಸಕ್ಕೆ ಭೌತಶಾಸ್ತ್ರದವರೂ ವೈದ್ಯರೂ ಒಂದೇ ಮೇಜಿಗೆ ಬರಬೇಕಾಗುತ್ತದೆ.

ಮಾಡಿ ನೋಡಿ

ಉಪಾಧ್ಯಾಯರು ಈ ಕಥೆಯ ಮುಖ್ಯ ಘಟ್ಟಗಳನ್ನು ತರಗತಿಯಲ್ಲೇ ತೋರಿಸಬಹುದು.

1. ಗಾಜಿನ ಲೋಟದಲ್ಲಿ ನೀರು ತುಂಬಿ, ಟಾರ್ಚಿನ ಮುಂದೆ ಒಂದು ಪೋಲರಾಯ್ಡ್, ಲೋಟದ ಆಚೆ ಅದಕ್ಕೆ ಲಂಬವಾಗಿ ಇನ್ನೊಂದು ಪೋಲರಾಯ್ಡ್ ಇಡಿ. ಟಾರ್ಚು ಮಂಕಾಗಿ ಕತ್ತಲು ಕವಿಯುತ್ತದೆ. ಈಗ ಒಂದೊಂದೇ ಹನಿ ಹಾಲು ಹಾಕಿ ಕಲಕಿ. ಹನಿಗಳು ಹೆಚ್ಚಿದಂತೆ ಸುತ್ತಲೂ ಬೆಳಕು ಹರಡುತ್ತದೆ. ಅದು ಹಲವು ಬಾರಿ ಚದರಿ ಧ್ರುವೀಕರಣ ಕಳೆದುಕೊಂಡ ಬೆಳಕು.

2. ಟಾರ್ಚಿಗೆ ಪೋಲರಾಯ್ಡ್ ಕಟ್ಟಿ ಒದ್ದೆ ಮಾಡಿದ ಅಂಗೈ ಮೇಲೆ ಬಿಡಿ. ಇನ್ನೊಂದು ಪೋಲರಾಯ್ಡ್ ಮೂಲಕ ನೋಡುತ್ತ ಅದನ್ನು ತಿರುಗಿಸಿ. ಒಂದು ಸ್ಥಾನದಲ್ಲಿ ನೀರಿನ ಹೊಳಪೆಲ್ಲ ಮಾಯವಾಗಿ ಚರ್ಮದೊಳಗಿನ ಕೆಂಪು ಎದ್ದು ಕಾಣುತ್ತದೆ. 1999ರ ಸಾಧನದ ತತ್ತ್ವ ಇಷ್ಟೇ.

3. ತೊಟ್ಟಿಯ ಸಣ್ಣ ಮೀನೊಂದನ್ನು ಒದ್ದೆ ಹತ್ತಿಯಲ್ಲಿ ಮೃದುವಾಗಿ ಸುತ್ತಿ, ಬಾಲದ ಈಜುರೆಕ್ಕೆಯನ್ನು ಸ್ಲೈಡಿನ ಮೇಲೆ ಹರಡಿ ಕಡಿಮೆ ವರ್ಧನೆಯಲ್ಲಿ ನೋಡಿ. ಕಣಗಳ ಸಾಲು ಓಡುವುದು ಕಾಣುತ್ತದೆ. ಒಂದೆರಡು ನಿಮಿಷದಲ್ಲಿ ಮೀನನ್ನು ನೀರಿಗೆ ಬಿಡಬೇಕು.

4. ಯಾವ ಉಪಕರಣವೂ ಬೇಡದ ಪ್ರಯೋಗ ಇನ್ನೊಂದು. ನಿರ್ಮಲವಾದ ನೀಲಿ ಆಕಾಶವನ್ನು, ಸೂರ್ಯನ ಕಡೆಗೆ ನೋಡದೆ, ಕೆಲವು ಸೆಕೆಂಡ್ ದಿಟ್ಟಿಸಿ. ಸಣ್ಣ ಬೆಳಕಿನ ಚುಕ್ಕೆಗಳು ಅಂಕುಡೊಂಕಾಗಿ ಓಡಾಡುತ್ತವೆ. ಅವು ನಿಮ್ಮದೇ ಅಕ್ಷಿಪಟಲದ ಲೋಮನಾಳಗಳಲ್ಲಿ ಸಾಗುವ ಬಿಳಿ ರಕ್ತಕಣಗಳ ಗುರುತು. ಕೆಂಪು ಕಣ ನೀಲಿ ಬೆಳಕನ್ನು ಹೀರುತ್ತದೆ. ಬಿಳಿ ಕಣ ಹೀರದೆ ಬಿಟ್ಟುಕೊಡುವುದರಿಂದ ಅದು ಸಾಗುವಲ್ಲಿ ಬೆಳಕಿನ ಕಿಟಕಿಯೊಂದು ಸರಿದಂತಾಗುತ್ತದೆ. ಚುಕ್ಕೆಗಳು ನಾಡಿಯ ಬಡಿತಕ್ಕೆ ತಕ್ಕಂತೆ ಮುನ್ನುಗ್ಗುವುದನ್ನು ಮಣಿಕಟ್ಟು ಹಿಡಿದು ಪರೀಕ್ಷಿಸಿ.

ಈ ನಾಲ್ಕು ಪ್ರಯೋಗಗಳನ್ನು ಮಾಡಿದ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆಯನ್ನೂ ಕೊಡಬಹುದು. ಕೆಂಪು ಕಣದ ಬಣ್ಣವನ್ನು ನೆಚ್ಚಿದ ಸೂಕ್ಷ್ಮದರ್ಶಕಕ್ಕೆ ಬರೀ ಪ್ಲಾಸ್ಮಾ ಹರಿಯುವ ಲೋಮನಾಳ ಕಾಣುವುದಿಲ್ಲ ಎಂದೆವಲ್ಲ, ಅದನ್ನು ಕಾಣಿಸಲು ಬೆಳಕಿನ ಯಾವ ಗುಣವನ್ನು ಬಳಸಬಹುದು? ಯೋಚಿಸಿ ಬರೆಯಲಿ.